ಮೇಲಿನಿಂದ ಮಾತ್ರ ನೋಡಿದ್ದ ಮನೆ

ಕೆಟ್ಟ ಸುದ್ದಿ ಬಂದಾಗ ನನಗೆ ಅಷ್ಟು ಆಘಾತವಾಗುವುದಿಲ್ಲ. ಅದು ಬರುವ ಮೊದಲೇ ಅದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಂಡು ಕುಳಿತಿರುತ್ತೇನೆ. ಹೋದ ವಾರ ದೇವದುರ್ಗದ ಬಸ್ಸಿನ ಕ್ಲೀನರು ರಾಯಚೂರಿನ ನಮ್ಮ ಮನೆಯ ಬಾಗಿಲಲ್ಲಿ ನಿಂತು "ಮಾಸ್ತರ್ರೀ..." ಎಂದು ತಡವರಿಸಿದ. ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಾನು ಗಿಲ್ಲೆಸುಗೂರಿನ ನಮ್ಮ ಹೊಲವನ್ನು ಹಳ್ಳದ ಪಾಲು ಮಾಡಿ, ತಮ್ಮನ ಬಣವೆಗೆ ಬೆಂಕಿ ಹಚ್ಚಿ, ನನ್ನ ನೌಕರಿಯನ್ನೂ ಕಳೆದುಕೊಂಡು ಮುಗಿಸಿದ್ದೆ.

"ಕಲ್ಕತ್ತಾದಾಕಿ ಹೋದ್ಲುರೀ" ಎಂದ.

ಅದೊಂದನ್ನು ಮಾತ್ರ ಊಹಿಸಿರಲಿಲ್ಲ. ತಿಂಗಳ ಹಿಂದೆ ಹಾಸಿಗೆ ಹಿಡಿದಿದ್ದವಳನ್ನು ಕಣ್ಣಾರೆ ನೋಡಿ ಬಂದಿದ್ದೆ, ಆದರೂ ಊಹಿಸಿರಲಿಲ್ಲ. ಅಷ್ಟು ನಗುವ ಮನುಷ್ಯರು ಸಾಯುತ್ತಾರೆಂದು ಯಾರಿಗೆ ಹೊಳೆಯುತ್ತದೆ? ಆಕೆಯ ವಿಷಯದಲ್ಲಿ ಮೊದಲಿನಿಂದಲೂ ನನ್ನ ಊಹೆ ಒಂದೂ ನಿಜವಾದದ್ದಿಲ್ಲ.

ಊರೆಲ್ಲ ಆಕೆಯನ್ನು ಕಲ್ಕತ್ತಾದಾಕಿ ಎನ್ನುತ್ತಿತ್ತು. ನಾನು ಅವ್ವ ಎನ್ನುತ್ತಿದ್ದೆ. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರೋ ಒಬ್ಬರು ತಪ್ಪು ತಿಳಿದಾರೆಂಬ ಹೆದರಿಕೆ. ಯಾರು, ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಯುದ್ಧದ ದಿನಗಳು. ಆಗ ನಾನು ದೇವದುರ್ಗದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಖಾದರ್ ಸಾಹೇಬರ ಹಳೆಯ ಮನೆಯಲ್ಲಿ ಬಾಗಿಲ ಬಲಗಡೆಯ ಒಂದು ಕೋಣೆ ನನ್ನ ಬಾಡಿಗೆಯದು. ಸಾಹೇಬರು ಮಗಳ ಮನೆಗೆಂದು ಮಾನ್ವಿಗೆ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಉಳಿದವರು ನಾನು ಮತ್ತು ಬಾವಲಿಗಳು. ಪಡಸಾಲೆಯ ಒಂದು ಕಂಬ, ಪಕ್ಕದ ಕಂಬದ ಗುಟ್ಟು ಕೇಳುವಂತೆ ಅದರ ಕಡೆಗೆ ವಾಲಿತ್ತು. ಛಾವಣಿಯೆಂದರೆ ಮಣ್ಣಿನ ಮಾಳಿಗೆ. ಕೆಮ್ಮಿದರೆ ಮೇಲಿನಿಂದ ಮಣ್ಣು ಉದುರುತ್ತಿತ್ತು. ನಾನು ಹೊರಗೆ ಬಂದು ಕೆಮ್ಮಿ ಒಳಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಕುಳಿತು ಹುಡುಗರ ಪಾಟಿ ತಿದ್ದುತ್ತಿದ್ದಾಗ ದಾರಿಯಲ್ಲಿ ಒಂದು ಬಿಚ್ಚಿದ ಕೊಡೆ ಕಂಡಿತು. ಕೊಡೆಯ ಕೆಳಗೆ ಒಂದು ಟ್ರಂಕು, ಟ್ರಂಕಿನ ಕೆಳಗೆ ಬಿಳಿ ಸೀರೆಯ ಹೆಂಗಸು. ಟ್ರಂಕನ್ನು ತಲೆಯ ಮೇಲೆ ಹೊತ್ತು, ಅದಕ್ಕೆ ಬಿಸಿಲು ಬಡಿಯದಿರಲೆಂದು ಕೊಡೆ ಹಿಡಿದಿದ್ದಳು. ಕನ್ನಡಕ ಬೇರೆ. ಬಂದವಳು ನನ್ನತ್ತ ನೋಡಲಿಲ್ಲ, ಬಾಗಿಲತ್ತಲೂ ನೋಡಲಿಲ್ಲ. ಮನೆಯ ಸುತ್ತ ಒಂದು ಸುತ್ತು ಹಾಕಿ ಮಾಳಿಗೆಯನ್ನೇ ನೋಡಿದಳು. ಇವಳು ಗುಪ್ತ ಪೊಲೀಸಿನವಳೇ ಇರಬೇಕು, ನನ್ನನ್ನು ಹಿಡಿಯಲೆಂದೇ ಬಂದಿದ್ದಾಳೆ ಎಂದುಕೊಂಡೆ. ನಾನು ಮಾಡಿದ ತಪ್ಪೇನೆಂದು ನೆನಪಿಸಿಕೊಳ್ಳುತ್ತಿದ್ದಾಗ ಆಕೆಯೇ ಮಾತಾಡಿದಳು.

"ಏಣಿ ಈಗ ಎಲ್ಲಿ ಇಡ್ತಾರ್ರಿ?"

"ಯಾರು ಬೇಕಾಗಿತ್ರಿ?"

"ಮನಿ ಬೇಕಾಗಿತ್ತು."

"ಯಾರ ಮನಿ?"

"ಇದಽ ಮನಿ."

"ಬಾಡಿಗಿಗೆ ಕೋಣಿ ಖಾಲಿ ಇಲ್ರಿ. ಚಲೋ ಇರೋದು ಒಂದಽ. ಅದರಾಗ ನಾ ಅದೀನಿ."

"ಇರ್ರಿ, ನಿಮಗ ಯಾರು ಹೋಗು ಅಂದ್ರು? ನಾ ಪೂರಾ ಮನಿ ತಗೊಳ್ಳಾಕ ಬಂದೀನಿ" ಎಂದು ನಕ್ಕಳು. ಟ್ರಂಕು ಅಲುಗಲಿಲ್ಲ. ಹೊಟ್ಟೆ, ಭುಜ, ಗಲ್ಲ ಎಲ್ಲ ಕುಣಿಯುವಂತೆ ನಕ್ಕರೂ ಆಕೆಯ ಕುತ್ತಿಗೆ ಮಾತ್ರ ಕಂಬದ ಹಾಗೆ ನೆಟ್ಟಗೆ ಇರುತ್ತಿತ್ತು. ಅದು ಸೊಕ್ಕಿನ ನಿಲುವೆಂದು ಊರಿನವರು ಅಂದುಕೊಂಡರು. ನಾನೂ ಅಂದುಕೊಂಡೆ. ಬುಟ್ಟಿ ಹೊತ್ತ ಕುತ್ತಿಗೆ ಬುಟ್ಟಿ ಇಳಿಸಿದ ಮೇಲೂ ಹಾಗೇ ನಿಲ್ಲುತ್ತದೆಂದು ತಿಳಿದದ್ದು ಆಮೇಲೆ.

ಕಲ್ಕತ್ತಾದಲ್ಲಿ ಬಾಂಬು ಬೀಳುತ್ತದೆಂದು ಜನ ಊರು ಬಿಡುತ್ತಿದ್ದ ಕಾಲ ಅದು. "ಎಲ್ಲಾರೂ ಬಾಂಬಿಗೆ ಹೆದರಿ ಓಡಿದ್ರು. ನಾ ಮನಿ ತಗೊಳ್ಳಾಕ ಓಡಿದೆ. ರೈಲು ಒಂದಽ, ನೋಡ್ರಿ" ಎನ್ನುತ್ತಿದ್ದಳು. ಸಿಪಾಯಿಗಳು ತುಂಬಿದ ಡಬ್ಬಿಗಳಲ್ಲಿ ಟ್ರಂಕಿನ ಮೇಲೆಯೇ ಕುಳಿತು, ಮದ್ರಾಸಿನಲ್ಲಿ ರೈಲು ಬದಲಿಸಿ, ದೇಶದ ಆ ತುದಿಯಿಂದ ಈ ತುದಿಗೆ ಬಂದು ರಾಯಚೂರಿನಲ್ಲಿ ಇಳಿದಿದ್ದಳು. ನಾನಾದರೋ ರಾಯಚೂರಿನಿಂದ ದೇವದುರ್ಗಕ್ಕೆ ಬರುವುದಿದ್ದರೆ ಹಿಂದಿನ ದಿನವೇ ಅನ್ನ ಬಿಡುವವನು.

ಮಾರುವವರು ಮಾನ್ವಿಯಲ್ಲಿದ್ದರು. ಆಕೆಗೆ ದಾರಿ ತೋರಿಸಲು ನಾನು ಹೋಗಬೇಕಾಯಿತು. ಪೆಟ್ರೋಲು ಸಿಗದ ಕಾಲ, ಇದ್ದಿಲು ಉರಿಸಿ ಓಡಿಸುವ ಬಸ್ಸು. ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು, ಇಳಿದು ನೂಕಬೇಕು. ಅವ್ವ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದಳು. "ನೂಕ್ರೋ ಯಪ್ಪಾ, ರೊಕ್ಕಾ ಕೊಟ್ಟೀವಿ!" ಎಂದು ಕೂಗುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ ನೂಕುತ್ತಿದ್ದಳು. ನಾನು ಬಸ್ಸು ಹಿಂದಕ್ಕೆ ಉರುಳಿದರೆ ಯಾವ ಕಡೆ ಹಾರಬೇಕೆಂದು ನೋಡಿಕೊಳ್ಳುತ್ತ, ಒಂದು ಕೈ ಮಾತ್ರ ತಾಗಿಸಿದ್ದೆ.

ಹಾಗೆ ನೂಕುವ ಮಧ್ಯದಲ್ಲೇ ಆಕೆ ಮನೆಯ ಕಥೆ ಹೇಳಿದ್ದು. ಆಕೆಯ ತಾಯಿ ದೇವದುರ್ಗದ ಹೊರಗಿನ ಕೇರಿಯವಳು. ಮಳೆಗಾಲಕ್ಕೆ ಮುಂಚೆ ಊರಿನ ಮಾಳಿಗೆಗಳಿಗೆ ಬಿಳಿ ಸವಳು ಮಣ್ಣು ಹೊತ್ತು ಹಾಕುವುದು ಅವರ ಕೆಲಸ. ಮಗಳೂ ಪುಟ್ಟ ಬುಟ್ಟಿ ಹೊರುತ್ತಿದ್ದಳು. ಮುಂದೆ ರೈಲು ಹಾದಿಯ ಕೂಲಿಗೆ ಹೋದ ತಂದೆತಾಯಿಯ ಜೊತೆ ಹಳಿಯ ಗುಂಟ ಹೋಗುತ್ತ ಹೋಗುತ್ತ ಕಲ್ಕತ್ತಾ ಮುಟ್ಟಿ, ಅಲ್ಲೇ ಮದುವೆಯಾಗಿ, ದೊಡ್ಡ ಮನೆಯೊಂದರಲ್ಲಿ ಅಡಿಗೆಯವಳಾಗಿ, ಗಂಡ ತೀರಿದ ಮೇಲೂ ಅಲ್ಲೇ ದುಡಿದವಳು.

"ಏಣಿ ಹೊರಗಿಂದ ಇಡ್ತಿದ್ರು ಮಾಸ್ತರ. ನಮಗ ಒಳಗ ಬರೋ ಕೆಲಸ ಇರಲಿಲ್ಲ, ಬಿಡ್ತಿರಲೂ ಇಲ್ಲ. ನಮ್ಮವ್ವ ಮಣ್ಣು ಹರವಿ ಹಲಿಗಿಲೆ ಬಡಿಯೂತನಕ ನಾ ಬೆಳಕಿಂಡಿಗೆ ಮುಖಾ ಹಚ್ಚಿ ಕೆಳಗ ನೋಡ್ತಿದ್ದೆ. ನೆಲದ ಮ್ಯಾಲ ಬಿಸಲು ಬಿದ್ದಿರ್ತಿತ್ತು, ದುಂಡಗ, ರೊಟ್ಟಿ ಹಂಗ. ನನ್ನ ತಲಿ ಅಡ್ಡ ಬಂದ್ರ ರೊಟ್ಟಿ ಹರೀತಿತ್ತು. ಒಳಗಿನವರು 'ಬೆಳಕು ಬಿಡಬೇ!' ಅಂತ ಒದರ್ತಿದ್ರು."

"ಅಂದ್ರ ಈ ಮನಿ ಒಳಗ..."

"ಒಮ್ಮೆನೂ ನೋಡಿಲ್ಲ. ಮ್ಯಾಲಿಂದ ಅಷ್ಟಽ. ಊರಾಗ ಅಷ್ಟು ಮಾಳಿಗಿ ಹತ್ತೀನಿ, ರೊಟ್ಟಿ ಬೀಳೂದು ಈ ಮನ್ಯಾಗ ಮಾತ್ರ. ಹೂಂ, ನೂಕ್ರಿ, ನೂಕ್ರಿ!"

ಖಾದರ್ ಸಾಹೇಬರು ಸತ್ಯವಂತರು. ಮಾರುವ ಮನೆಯ ದೋಷಗಳನ್ನು ತಾವೇ ಹೇಳಿದರು.

"ಹಿಂದಿನ ಗೋಡಿ ಬಿರುಕು ಬಿಟ್ಟದವ್ವಾ."

"ನನ್ನ ಹಿಮ್ಮಡಾನೂ ಬಿಟ್ಟದ್ರಿ."

"ಬಾವಿ ನೀರು ಸವಳು."

"ಬ್ಯಾಳಿಗೆ ಉಪ್ಪು ಉಳೀತದ."

"ಬಾವಲಿ ಭಾಳ ಅದಾವ."

"ಬಾಡಿಗಿ ಕೇಳೂಣು."

"ಮತ್ತ ಮುಂದಿನ ಕೋಣ್ಯಾಗ ಒಬ್ಬ ಮಾಸ್ತರ ಅದಾನ. ಇಕಾ, ಇಲ್ಲೇ ಕುಂತಾನ."

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ನಿಟ್ಟುಸಿರು ಬಿಟ್ಟಳು. "ಹಳೀ ಮನಿ ಅಂದ ಮ್ಯಾಲ ಏನರೆ ಒಂದು ಇರೂದಽರಿ."

ಸಾಹೇಬರು ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಗಡ್ಡ ಸವರಿಕೊಂಡು ಒಂದು ಹೆಸರು ಹೇಳಿದರು, "ಬಾಜೂ ಮನಿ ಸಂಗಪ್ಪ ಸಾಹುಕಾರ." ಹೆದರಲು ನನಗೆ ಅಷ್ಟೇ ಸಾಕಾಯಿತು.

ಈಚಿನವರಿಗೆ ಶುಫಾ ಎಂದರೆ ಗೊತ್ತಿರಲಿಕ್ಕಿಲ್ಲ. ನಿಜಾಮರ ಸೀಮೆಯಲ್ಲಿ ನೆರೆಯವನಿಗೆ ಅಂಥದೊಂದು ಹಕ್ಕು ಇತ್ತು. ನಿಮ್ಮ ಪಕ್ಕದ ಮನೆ ಬೇರೆ ಯಾರಿಗೋ ಮಾರಾಟವಾದರೆ, ಅದೇ ಬೆಲೆಗೆ ತಾನೇ ಕೊಳ್ಳುತ್ತೇನೆಂದು ಗೋಡೆ ಹಂಚಿಕೊಂಡವನು ಕೇಳಬಹುದು. ಕೇಳಿದನೋ, ಕೊಂಡವನು ಬಿಟ್ಟುಕೊಡಬೇಕು. ಆದರೆ ಕಟ್ಟುನಿಟ್ಟಾದ ಒಂದು ಷರತ್ತು ಇತ್ತು. ಮಾರಾಟವಾಯಿತೆಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಕೇಳಬೇಕು. ಯೋಚನೆ ಮಾಡಿ ನಾಳೆ ಹೇಳುತ್ತೇನೆ ಎನ್ನುವಂತಿಲ್ಲ. ನಡುವೆ ಬೇರೆ ಮಾತು ಬಂದರೆ ಹಕ್ಕು ಹೋಯಿತು ಎಂದೇ ನಮ್ಮೂರಿನ ತಿಳಿವಳಿಕೆ.

ಸಂಗಪ್ಪ ಸಾಹುಕಾರನಿಗೆ ಶೇಂಗಾ ತುಂಬಲು ಜಾಗ ಬೇಕಿತ್ತು. ಆ ಮನೆಯ ಮೇಲೆ ಕಣ್ಣಿಟ್ಟು ಎಷ್ಟೋ ಕಾಲವಾಗಿತ್ತು. ಮೊದಲೇ ಕೊಂಡರೆ ಸಾಹೇಬರು ಹೇಳಿದ ಬೆಲೆ ಕೊಡಬೇಕು. ಸಾಹೇಬರು ಬೇಸತ್ತು ಯಾರಿಗಾದರೂ ಅಗ್ಗಕ್ಕೆ ಕೊಡಲಿ, ಆಮೇಲೆ ಹಾರಿ ಹಿಡಿದರಾಯಿತು ಎಂಬುದು ಅವನ ಲೆಕ್ಕ. ಬಿಳಿ ಸೀರೆಯ ಹೆಂಗಸು ಬಂದ ಮರುದಿನವೇ ರಾಯಚೂರಿಗೆ ಹೋಗಿ ವಕೀಲರನ್ನು ಕಂಡು ಬಂದ. "ಸುದ್ದಿ ಬಿದ್ದ ಕೂಡ್ಲೆ ಎದ್ದು ನಿಂತು ಹೇಳಬೇಕು, ಸಾಕ್ಷಿ ಇರಬೇಕು" ಎಂದರಂತೆ. ಅಂದಿನಿಂದ ತನ್ನ ಕಟ್ಟೆಯ ಮೇಲೆ ಅಕ್ಕಸಾಲಿ ಈರಣ್ಣನನ್ನೂ ಇನ್ನೊಬ್ಬ ಮುದುಕನನ್ನೂ ಸಾಕ್ಷಿಗೆಂದು ಕೂಡಿಸಿಕೊಂಡು, ಚಹಾ ಕುಡಿಸುತ್ತ, ಸುದ್ದಿಗೆ ಕಾಯುತ್ತ ಕುಳಿತ.

ಕಾಯ್ದು ಕಾಯ್ದು ಅವನ ನರಗಳು ಬಿಗಿದುಕೊಂಡಿದ್ದವು. ಒಂದು ದಿನ ಹಾಲಿನವನು ಬಂದು "ಸಾಹುಕಾರ್ರಽ, ಮಾರಿಬಿಟ್ಟೆ ನೋಡ್ರಿ ಇವತ್ತ" ಎನ್ನುತ್ತಿದ್ದಂತೆ ಸಾಹುಕಾರ ಜಿಗಿದು ನಿಂತು, ಕೈ ಮೇಲೆತ್ತಿ "ನನ್ನ ಹಕ್ಕದ! ಅದಽ ಬೆಲಿಗೆ ನಾ ತಗೊಂಡೆ!" ಎಂದು ಊರು ಕೇಳುವಂತೆ ಕೂಗಿದ. ಮಾರಿದ್ದು ಮುದಿ ಎಮ್ಮೆಯನ್ನು. ಹಾಲಿನವನು ಬಹಳ ಸಂತೋಷಪಟ್ಟ. ಆ ಎಮ್ಮೆಯನ್ನು ಕೊಂಡವರಿಂದ ಬಿಡಿಸಿ ತಂದು ಇವನ ಕೊಟ್ಟಿಗೆಗೆ ಕಟ್ಟಿಯೇ ಹೋದ.

ನಾನು ನಗಲಿಲ್ಲ. ಅಷ್ಟು ಚುರುಕಾಗಿ ಜಿಗಿಯುವ ಮನುಷ್ಯನಿಂದ ಮನೆ ಉಳಿಯುವುದು ಹೇಗೆ? ಅವ್ವ ಅದುವರೆಗೂ ಹೊಸ್ತಿಲು ದಾಟಿರಲಿಲ್ಲ. "ನಂದು ಆಗೂತನಕ ಒಳಗ ಕಾಲಿಡೂದಿಲ್ಲ. ಒಮ್ಮೆ ಒಳಗ ಹೋಗಿ ಹೊರಗ ಹಾಕಿಸ್ಕೊಳ್ಳೂದು ಬ್ಯಾಡ" ಎಂದಿದ್ದಳು. ನಗದೆ ಆಕೆ ಹೇಳಿದ ಮಾತು ನನಗೆ ನೆನಪಿರುವ ಮಟ್ಟಿಗೆ ಅದೊಂದೇ. ಕೇರಿಯಲ್ಲಿ ದುರುಗವ್ವನ ಗುಡಿಸಲಿನಲ್ಲಿ ಇಳಿದಿದ್ದಳು. ದುರುಗವ್ವ ಆಗ ಊರಿನ ಮಾಳಿಗೆಗಳಿಗೆ ಮಣ್ಣು ಹೊರುವವಳು. ಅವ್ವ ದಿನಾ ಸಂಜೆ ಬಂದು ಹೊರಗೆ ನಿಂತು, ಬಾಗಿಲಿನಿಂದ ಕಾಣುವಷ್ಟನ್ನೂ ನೋಡದೆ, ಮಾಳಿಗೆ ನೋಡಿ ಹೋಗುತ್ತಿದ್ದಳು.

"ಅವ್ವಾ, ಸಾಹುಕಾರಗ ಸುದ್ದಿ ಮುಟ್ಟದಂಗ ಮಾಡಿದ್ರ?" ಎಂದು ಕೇಳಿದೆ.

"ಎಷ್ಟು ದಿನ? ನಾ ಒಳಗ ಒಲಿ ಹಚ್ಚಿದ್ರ ಹೊಗಿ ಅವನ ಮೂಗಿಗೇ ಹೋಗ್ತದ. ನಾನಽ ಹೇಳ್ತೀನಿ. ಮನಿ ತಗೊಂಡವರು ಬಾಜೂದವರಿಗೆ ಮೊದಲ ಬಾಯಿ ಸಿಹಿ ಮಾಡಬೇಕೋ ಬ್ಯಾಡೋ?"

ರಿಜಿಸ್ಟ್ರಿಯ ದಿನ ಖಾದರ್ ಸಾಹೇಬರು ಮಾನ್ವಿಯಿಂದ ಬಂದರು. ಕೆಲಸ ಸದ್ದಿಲ್ಲದೆ ಮುಗಿಯಿತು. ಕಚೇರಿಯಿಂದ ಬಂದವಳೇ ಅವ್ವ ಮನೆಯ ಹೊರಗೆ ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ಹಾಲು ಕಾಯಿಸಿದಳು. ಹೊಸ ಮನೆಗೆ ಹಾಲು ಉಕ್ಕಿಸುವುದು ನಮ್ಮಲ್ಲೂ ಉಂಟು, ಸರಿ ಎಂದುಕೊಂಡೆ. ಹಾಲು ಇನ್ನೇನು ಉಕ್ಕಬೇಕು, ಆಕೆ ಲಿಂಬೆಹಣ್ಣು ಹಿಂಡಿಬಿಟ್ಟಳು! ನೆರೆದ ಹೆಂಗಸರು "ಅಯ್ಯ ಯವ್ವಾ!" ಎಂದು ಬಾಯಿಗೆ ಕೈ ಇಟ್ಟರು. ಹೊಸ್ತಿಲಲ್ಲಿ ಹಾಲು ಒಡೆದರೆ ಮನೆ ಒಡೆಯಿತೆಂದೇ ಲೆಕ್ಕ.

"ಒಡೀಲಿ ಬಿಡ್ರಿ. ಒಡೆದ್ರಽ ಆಗೂದು ಇದು" ಎಂದು ಆಕೆ ಆ ಒಡಕು ಹಾಲನ್ನು ಬಟ್ಟೆಗೆ ಸುರಿದು ಹಿಂಡಿ, ನಾದಿ, ಉಂಡೆ ಕಟ್ಟಿ, ಕುದಿಯುವ ಸಕ್ಕರೆ ಪಾಕದಲ್ಲಿ ಬಿಟ್ಟಳು. ಉಂಡೆಗಳು ಉಬ್ಬಿ ಪಾತ್ರೆಯ ತುಂಬ ಬೆಳ್ಳಗೆ ತೇಲಿದವು. ರಸಗುಲ್ಲಾ ಎಂಬ ಪದಾರ್ಥವನ್ನು ದೇವದುರ್ಗ ಅಂದು ಮೊದಲ ಸಲ ನೋಡಿತು. ಪಕ್ಕದ ಕಟ್ಟೆಯಿಂದ ಸಂಗಪ್ಪನ ಮೂಗು ಆಗಲೇ ಇತ್ತ ತಿರುಗಿತ್ತು. ಸಿಹಿಯ ವಿಷಯದಲ್ಲಿ ಅವನ ಕೀರ್ತಿ ಮೂರು ತಾಲ್ಲೂಕಿಗೂ ಗೊತ್ತಿತ್ತು.

ಆಕೆ ಬಟ್ಟಲು ಹಿಡಿದು ನಡೆದಳು. ಹಿಂದೆ ಖಾದರ್ ಸಾಹೇಬರು. ಅವರ ಹಿಂದೆ, ಅವರ ಮರೆಯಲ್ಲಿ, ನಾನು.

"ತಗೊಳ್ರಿ ಸಾಹುಕಾರ್ರಽ, ಬಿಸೇವು ಅದಾವ. ಒಂದಽ ತುತ್ತಿಗೆ ಇಡ್ರಿ, ಕಡೀಬ್ಯಾಡ್ರಿ, ರಸಾ ಸೋರ್ತದ."

ಸಾಹುಕಾರ ಒಂದನ್ನು ಬಾಯಿಗೆ ಹಾಕಿಕೊಂಡ. ಕಣ್ಣು ಅಗಲವಾಯಿತು. ಅದನ್ನು ಒಂದು ಗಲ್ಲಕ್ಕೆ ಸರಿಸಿ ಇನ್ನೊಂದನ್ನು ಇನ್ನೊಂದು ಗಲ್ಲಕ್ಕೆ ಇಟ್ಟ.

"ಖಾದರ್ ಸಾಹೇಬರ ಮನಿ ನಾ ತಗೊಂಡೆರಿ. ಈಗಽ ರಿಜಿಸ್ಟ್ರಿ ಆತು" ಎಂದಳು ಅವ್ವ.

ಸಾಹುಕಾರ ಜಿಗಿದು ನಿಂತ. ಕೈ ಮೇಲೆತ್ತಿದ. ಸಾಕ್ಷಿಗಳೂ ದಡಬಡಿಸಿ ಎದ್ದರು. "ಉಂ..." ಎಂದ. ಬಾಯಿಯ ಎರಡೂ ಬದಿಯಿಂದ ಪಾಕ ಇಳಿಯಿತು. "ಉಂ ಉಂ..." ಉಗುಳೋಣವೆಂದರೆ ಬಾಯಿಯೇ ಒಪ್ಪುತ್ತಿಲ್ಲ, ನುಂಗೋಣವೆಂದರೆ ಬಿಸಿ, ಅಗಿದಷ್ಟೂ ರಸ ಬರುತ್ತದೆ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಕಣ್ಣು ಮಾತ್ರ ನಿಧಾನವಾಗಿ ಮುಚ್ಚಿಕೊಂಡಿತು. ಮುಖದ ಮೇಲೆ ಎಂಥದೋ ಶಾಂತಿ ಹರಡಿತು. ಕೊನೆಗೆ ಎರಡೂ ಗಂಟಲಲ್ಲಿ ಇಳಿದವು. ಸಾಹುಕಾರ ಬಾಯಿ ತೆರೆದ.

"ಇನ್ನೊಂದು ಕೊಡ್ರಿ" ಎಂದ.

ಕೊಟ್ಟಳು. ಅದನ್ನೂ ತಿಂದು, ಬೆರಳು ನೆಕ್ಕುತ್ತಿದ್ದಾಗ ಅವನಿಗೆ ನೆನಪಾಯಿತು. "ನನ್ನ ಹಕ್ಕದ! ನಾ ತಗೊಂಡೆ!"

ಖಾದರ್ ಸಾಹೇಬರು ಮೆಲ್ಲಗೆ ಕೇಳಿದರು, "ಈರಣ್ಣಾ, ಸುದ್ದಿ ಕೇಳಿದ ಮ್ಯಾಲ ಸಾಹುಕಾರ್ರು ಮೊದಲ ಏನಂದ್ರಪಾ?"

ಅಕ್ಕಸಾಲಿ ಈರಣ್ಣ ನೆಲ ನೋಡಿದ, ಮುಗಿಲು ನೋಡಿದ, ಬಟ್ಟಲು ನೋಡಿದ. "ಸುಳ್ಳು ಯಾಕ ಹೇಳ್ಲಿರಿ. 'ಇನ್ನೊಂದು ಕೊಡ್ರಿ' ಅಂದ್ರು."

"ಲೇ, ನೀ ನನ್ನ ಸಾಕ್ಷಿ!"

"ಹೌದ್ರಿ ಸಾಹುಕಾರ್ರಽ, ಅದಕ್ಕಽ ಕಿವಿಗೊಟ್ಟು ಕೇಳೀನಿ" ಎಂದ ಈರಣ್ಣ. ಮೊದಲು ನಕ್ಕವನು ಸಾಹುಕಾರನೇ ಎಂದು ಇಂದಿಗೂ ನನ್ನ ನೆನಪು. ಈರಣ್ಣ ತಾನು ಎನ್ನುತ್ತಾನೆ. ಆಮೇಲೆ ಓಣಿಗೆ ಓಣಿಯೇ ನಕ್ಕಿತು.

ಎರಡೂ ಗಲ್ಲಕ್ಕೆ ತುಂಬಿಸಿಯೇ ಸುದ್ದಿ ಹೇಳಬೇಕೆಂದು ಆಕೆ ಮೊದಲೇ ಯೋಚಿಸಿದ್ದಳೋ ಏನೋ! ನಾನು ಕೇಳಿದಾಗಲೆಲ್ಲ "ಬಿಸೇವಽ ತಿನ್ನಬೇಕು ಅವನ್ನ" ಎನ್ನುತ್ತಿದ್ದಳು.

ಅಂದು ಆಕೆ ಹೊಸ್ತಿಲು ದಾಟಿದ್ದನ್ನು ನಾನು ನೋಡಿದೆ. ಟ್ರಂಕು ಹೊರಗೇ ಬಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು, ಹುಡುಗಿಯ ಹಾಗೆ ಓಡಿಯೇ ಒಳಗೆ ಹೋದಳು. ನೆಲದ ಮೇಲೆ ಬಿಸಿಲಿನ ರೊಟ್ಟಿ ಬಿದ್ದಿತ್ತು. ಅದರ ಮೇಲೆಯೇ ಕುಳಿತು, ಅದನ್ನು ಮಡಿಲಿಗೆ ತೆಗೆದುಕೊಂಡು ಮೇಲೆ ನೋಡಿದಳು. "ಇಷ್ಟಽ ಇಷ್ಟು ತೂತು ಮಾಸ್ತರ! ಇದರಾಗ ನನ್ನ ತಲಿ ಹೆಂಗ ಹಿಡೀತಿತ್ತು?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ವಾಲಿದ ಕಂಬವನ್ನು ನೋಡುತ್ತ ನಿಂತಿದ್ದೆ. ಅಷ್ಟು ನಗುವನ್ನು ಅದು ತಡೆದೀತೇ ಎಂದು.

ತಡೆಯಿತು. ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹಾಕಿಸುವ ದಿನ ಆಕೆ ಹೊರಗೆ ಏಣಿ ಇಡಗೊಡಲಿಲ್ಲ. ದುರುಗವ್ವ ಮತ್ತು ಅವಳ ಸೊಸೆಯಂದಿರು ಮುಂಬಾಗಿಲಿಂದಲೇ ಬರಬೇಕು, ಪಡಸಾಲೆ ಹಾಯ್ದು ಒಳಗಿನ ಮೆಟ್ಟಿಲು ಹತ್ತಬೇಕು. ಮನೆಯೆಲ್ಲ ಮಣ್ಣು, ನನ್ನ ಹಾಸಿಗೆಯಲ್ಲೂ ಮಣ್ಣು. ಅವ್ವ ಬಿಸಿಲಿನ ರೊಟ್ಟಿಯಲ್ಲಿ ಕುಳಿತು ಶೇಂಗಾ ಸುಲಿಯುವಳು. ಮೇಲಿಂದ ದುರುಗವ್ವ ಬೇಕಂತಲೇ ತಲೆ ಅಡ್ಡ ಹಾಕುವಳು.

"ಬೆಳಕು ಬಿಡಬೇ!"

"ಬಿಡೂದಿಲ್ಲ, ಹೋಗಬೇ!"

ಇಬ್ಬರು ಮುದುಕಿಯರು ದಿನವಿಡೀ ಇದನ್ನೇ ಆಡುತ್ತಿದ್ದರು.

ಮನೆ ಕೊಂಡ ಹೊಸದರಲ್ಲೇ, ಆಕೆ ಎಲ್ಲಿ ಇಳಿದಿದ್ದಳು, ಯಾರ ಮಗಳು ಎಂದು ಸಾಹುಕಾರನಿಗೆ ಯಾರೋ ಮುಟ್ಟಿಸಿದರು. ತಿಂದದ್ದು ತಿಂದಾಗಿತ್ತು. ಕೆಲವು ದಿನ ಅವನು ಕಟ್ಟೆಗೆ ಬರಲಿಲ್ಲ. ಗೋಡೆ ಒಡೆಯುತ್ತಾನೆ, ಪಂಚಾಯಿತಿ ಸೇರಿಸುತ್ತಾನೆ ಎಂದೆಲ್ಲ ನಾನು ಲೆಕ್ಕ ಹಾಕಿದೆ. ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ಅವನ ದನಿ ಬಂತು. "ಏನ್ರಿ, ಮುಂದಿನ ಸಲ ಹಾಲು ನಮ್ಮ ಎಮ್ಮಿದು ಒಯ್ರಿ. ನೀವು ತಗೊಳ್ಳೋ ಹಾಲಾಗ ನೀರು ಭಾಳ." ಅದೇ ಮುದಿ ಎಮ್ಮೆ. ಅಂದಿನಿಂದ ಹಾಲು ಈ ಕಡೆ ಬಂದು, ಒಡೆದು, ಬಟ್ಟಲಲ್ಲಿ ಆ ಕಡೆ ಹೋಗುತ್ತಿತ್ತು.

ನನಗೆ ರಾಯಚೂರಿಗೆ ವರ್ಗವಾಯಿತು. ಹೋದ ತಿಂಗಳು ಆಕೆ ಕರೆಸಿದಳು. ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಬಿಸಿಲು ಸರಿದಂತೆ ಹೊರಸನ್ನೂ ಸರಿಸುತ್ತಿದ್ದರು. ಮನೆಯನ್ನು ದುರುಗವ್ವನಿಗೆ ಮಾರಿದ್ದೇನೆ ಎಂದಳು.

"ಮಾರೂದ್ಯಾಕವ್ವಾ? ಹಂಗಽ ದಾನಾ ಕೊಟ್ಟಿದ್ರ ಶುಫಾದ ಕಾಟಾನಽ ಇರತಿರಲಿಲ್ಲ!"

"ಪುಕ್ಕಟೆ ಕೊಟ್ರ ಆಕಿ ನನ್ನ ಮನ್ಯಾಗ ಇದ್ದಂಗ ಆಗ್ತದ. ತಗೊಂಡ್ರ ಆಕೀದು. ಎಷ್ಟಕ್ಕ ಕೊಟ್ಟೆ ಅಂತ ಕೇಳಬ್ಯಾಡ, ನಗ್ತೀ. ಹೋಗು, ಸಾಹುಕಾರಗ ಹೇಳಿ ಬಾ."

"ನಾನಾ? ಬರೀ ಕೈಲೆ?"

"ಹಾಲು ಒಡಸಾಕ ನನಗ ಶಕ್ತಿ ಎಲ್ಲೆದ ಮಾಸ್ತರ? ಬರೀ ಕೈಲೇ ಹೋಗು."

ಹೋದೆ. ನೆಟ್ಟಗೆ ಹೋದರೆ ಹತ್ತು ಹೆಜ್ಜೆಯಿಲ್ಲದ ದಾರಿಯನ್ನು ಊರು ಸುತ್ತಿ ಹೋದೆ. ಅಗ್ಗದ ಬೆಲೆ, ಶೇಂಗಾದ ಸುಗ್ಗಿ, ನಿಜಾಮರು ಹೋದರೂ ಊರು ಬಿಡದ ಹಕ್ಕು, ಇವನು ಬಿಡುತ್ತಾನೆಯೇ? ಸಾಹುಕಾರ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಮುದುಕನಾಗಿದ್ದ. ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಯಾವುದೂ ಬಚ್ಚಿಡಲು ಬರುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ "ತಡಿ" ಎಂದು ಕೈ ಮಾಡಿದ. ಒಳಗೆ ತಿರುಗಿ "ಬೆಲ್ಲ ತಾ" ಎಂದ. ಬಂದ ಬೆಲ್ಲದ ದೊಡ್ಡ ಹೆಂಟೆಯನ್ನು ಬಾಯಿಗೆ ಇಟ್ಟುಕೊಂಡು, ಎರಡೂ ಗಲ್ಲ ಉಬ್ಬಿಸಿ, ಇನ್ನು ಹೇಳು ಎಂಬಂತೆ ತಲೆಯಾಡಿಸಿದ.

"ಅವ್ವ ಮನಿ ಮಾರ್ಯಾರ್ರಿ. ದುರುಗವ್ವಗ" ಎಂದೆ.

ಸಾಹುಕಾರ ಎದ್ದು ನಿಲ್ಲಲಿಲ್ಲ. ಕಣ್ಣು ಮುಚ್ಚಿ, ಅವಸರವಿಲ್ಲದೆ ಬೆಲ್ಲ ಚೀಪುತ್ತ ಕುಳಿತ. ಗೋಡೆಯ ಆಚೆ ಅವ್ವ ಕೆಮ್ಮುವುದು ಕೇಳಿಸಿತು. ಕೆಮ್ಮೋ ನಗುವೋ ನನಗೆ ತಿಳಿಯಲಿಲ್ಲ. ಬೆಲ್ಲ ಪೂರ್ತಿ ಕರಗಿದ ಮೇಲೆ ಅವನು ಧೋತರದ ತುದಿಯಿಂದ ಬಾಯಿ ಒರೆಸಿಕೊಂಡ.

"ಬೆಲ್ಲ ಚಲೋ ಅದ" ಎಂದ. "ಆದ್ರ ಆಕಿ ಮಾಡಿದ್ದರ ಹಂಗ ಇಲ್ಲ ಬಿಡು."